ಕ್ಲಾಸ್‌ಪಾತ್: ಜಾವಾ ಪ್ರೋಗ್ರಾಮುಗಳಲ್ಲಿ ಬಾಹ್ಯ ಲೈಬ್ರರಿಗಳ ಸ್ಥಾನನಿರ್ದೇಶ

ಜಾವಾ ಭಾಷೆಯಲ್ಲಿ ರಚಿತವಾದ ಪ್ರೋಗ್ರಾಮೊಂದನ್ನು ಅನ್ಯರ ಲೈಬ್ರರಿಗಳೊಡನೆ ಕಮ್ಯಾಂಡ್ ಲೈನಿನಿಂದ ನಡೆಸುವಾಗ ಒದಗುವ ತೊಡಕುಗಳಲ್ಲಿ ಬಹುಭಾಗವು ಒಂದೇ ಮೂಲದಿಂದ ಹೊರಡತಕ್ಕವು ಎಂಬುದು ಈ ಲೇಖನದ ಪ್ರತಿಪಾದ್ಯ. ಕಂಪೈಲರು ಮೂಲಪಾಠವನ್ನೋದಿ ಕ್ಲಾಸ್ ಕಡತವನ್ನು ನಿರ್ಮಿಸುವಾಗ, ಪ್ರೋಗ್ರಾಮು ಆಶ್ರಯಿಸಿರುವ ಬಾಹ್ಯ ಕ್ಲಾಸುಗಳ ಪೂರ್ಣನಾಮವನ್ನೂ ಅವುಗಳ ಮೆಥಡ್‌ಗಳ ಸ್ವರೂಪವನ್ನೂ ಅದರಲ್ಲಿ ದಾಖಲಿಸುತ್ತದೆಯೇ ಹೊರತು, ಅವು ಡಿಸ್ಕಿನ ಯಾವ ಫೋಲ್ಡರಿನಲ್ಲಿ, ಯಾವ ಜಾರ್ ಕಡತದಲ್ಲಿ ದೊರೆತುವೆಂಬುದನ್ನು ದಾಖಲಿಸುವುದಿಲ್ಲ. ಆದಕಾರಣ ಕಂಪೈಲ್ ಮಾಡುವಾಗ ಒಮ್ಮೆ ತಿಳಿಸಿದ ಸ್ಥಾನವನ್ನು ನಡೆಸುವಾಗ ಮತ್ತೊಮ್ಮೆ ತಿಳಿಸಬೇಕಾಗುತ್ತದೆ. ಇದನ್ನು ವ್ಯರ್ಥ ಪುನರುಕ್ತಿಯೆಂದು ಬಗೆಯುವುದು ಸರಿಯಲ್ಲ. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಪ್ರಕಟಪಡಿಸಿದ ಈ ಭಾಷೆಯ ಮುಖ್ಯೋದ್ದೇಶವೇ ಒಂದು ಯಂತ್ರದಲ್ಲಿ ಸಿದ್ಧವಾದ ಕ್ಲಾಸ್ ಕಡತವು ಬೇರೊಂದು ಯಂತ್ರದಲ್ಲಿ ಮಾರ್ಪಾಡಿಲ್ಲದೆ ನಡೆಯಬೇಕೆಂಬುದಾಗಿದ್ದುದರಿಂದ, ಸ್ಥಾನವನ್ನು ಅದರೊಳಗೆ ಕೆತ್ತಿಡುವುದು ಆ ಉದ್ದೇಶಕ್ಕೇ ವಿರುದ್ಧವಾಗುತ್ತಿತ್ತು.

ಸ್ಥಾನವನ್ನು ತಿಳಿಸುವ ಸಾಧನವೇ ಕ್ಲಾಸ್‌ಪಾತ್. ಜಾವಾ ಆಜ್ಞೆಯಲ್ಲಿ ‘ಸಿಪಿ’ ಎಂಬ ಸೂಚಕದ ಮುಂದೆ ಫೋಲ್ಡರುಗಳನ್ನೂ ಜಾರ್ ಕಡತಗಳನ್ನೂ ಸಾಲಾಗಿ ಬರೆಯತಕ್ಕದ್ದು; ಲಿನಕ್ಸಿನಲ್ಲಿ ಅವುಗಳ ನಡುವೆ ಕೋಲನ್ ಚಿಹ್ನೆಯೂ, ವಿಂಡೋಸಿನಲ್ಲಿ ಅರ್ಧವಿರಾಮವೂ ಬರಬೇಕು. ಏನನ್ನೂ ಹೇಳದಿದ್ದರೆ ಯಂತ್ರವು ಪ್ರಸ್ತುತ ಫೋಲ್ಡರನ್ನೇ ಶೋಧಿಸುತ್ತದೆ. ಆದರೆ ಒಂದೇ ಒಂದು ಜಾರ್ ಕಡತವನ್ನು ಹೆಸರಿಸಿದೊಡನೆಯೇ ಆ ಔದಾರ್ಯವು ನಿಂತುಹೋಗಿ, ಬಿಂದುವಿನಿಂದ ಸೂಚಿತವಾಗುವ ಪ್ರಸ್ತುತ ಫೋಲ್ಡರನ್ನೂ ನಾವೇ ಬರೆಯಬೇಕಾಗುತ್ತದೆ. ಲೈಬ್ರರಿಯನ್ನು ಸೇರಿಸಿದ ಮೇಲೆ ತನ್ನದೇ ಮುಖ್ಯ ಕ್ಲಾಸು ಕಾಣದಾಯಿತೆಂದು ಕಲಿಯುವವರು ಬೆರಗಾಗುವುದಕ್ಕೆ ಕಾರಣವಿದು. ಕ್ಲಾಸ್‌ಪಾತ್ ಎಂಬ ಹೆಸರಿನ ಪರಿಸರ ಚರದಲ್ಲಿಯೂ ಈ ಪಟ್ಟಿಯನ್ನು ಇಡಬಹುದಾದರೂ, ಆಜ್ಞೆಯು ತನ್ನ ಪೂರ್ವಾಪೇಕ್ಷೆಗಳನ್ನು ತನ್ನಲ್ಲಿಯೇ ಧರಿಸಿರುವುದು ಲೇಸೆಂಬುದು ನನ್ನ ದೃಢಮತ. ಅದೃಶ್ಯವಾದ ಚರವೊಂದನ್ನು ನಂಬಿದ ಪ್ರೋಗ್ರಾಮು ಒಬ್ಬರ ಯಂತ್ರದಲ್ಲಿ ನಡೆದು ನೆರೆಯವರ ಯಂತ್ರದಲ್ಲಿ ನಿಂತಾಗ, ವ್ಯತ್ಯಾಸಕ್ಕೆ ಕಾರಣವಾದ ಅಕ್ಷರವೊಂದೂ ಆಜ್ಞೆಯಲ್ಲಿ ಕಾಣಸಿಗದು.

ನಾಮಸ್ಥಾನಗಳ ಈ ಭೇದವು ಡೇಟಾಬೇಸ್ ಸಂಪರ್ಕದ ಪ್ರಸಂಗದಲ್ಲಿ ಅತ್ಯಂತ ಸ್ಪಷ್ಟವಾಗಿ ತೋರುತ್ತದೆ. ಪೋಸ್ಟ್‌ಗ್ರೆ ಎಸ್‌ಕ್ಯೂಎಲ್ ಮೊದಲಾದವುಗಳ ಡ್ರೈವರನ್ನು ಹಳೆಯ ಪದ್ಧತಿಯ ಪ್ರೋಗ್ರಾಮುಗಳು ಉದ್ಧರಣ ಚಿಹ್ನೆಗಳೊಳಗಿನ ಕೇವಲ ಅಕ್ಷರಮಾಲೆಯಾಗಿ ಹೆಸರಿಸುತ್ತಿದ್ದುವು. ಕಂಪೈಲರಿಗೆ ಅದು ಕ್ಲಾಸಿನ ಹೆಸರೆಂಬ ಅರಿವೇ ಇಲ್ಲದುದರಿಂದ, ಡ್ರೈವರಿನ ಜಾರ್ ಕಡತವು ಹತ್ತಿರದಲ್ಲೆಲ್ಲಿಯೂ ಇಲ್ಲದಿದ್ದರೂ ಕಂಪೈಲ್ ಕಾರ್ಯವು ನಿರ್ವಿಘ್ನವಾಗಿ ಮುಗಿದು, ನಡೆಸಿದಾಗ ಮಾತ್ರ ‘ಕ್ಲಾಸ್ ನಾಟ್ ಫೌಂಡ್ ಎಕ್ಸೆಪ್ಶನ್’ ಉದ್ಭವಿಸುತ್ತದೆ. ಇದಕ್ಕೆ ಭಿನ್ನವಾಗಿ, ಕಂಪೈಲರು ಕಂಡು ಪರೀಕ್ಷಿಸಿದ ಕ್ಲಾಸು ನಡೆಸುವಾಗ ಕಾಣೆಯಾದರೆ ‘ನೋ ಕ್ಲಾಸ್ ಡೆಫ್ ಫೌಂಡ್ ಎರರ್’ ಬರುತ್ತದೆ. ಎರಡನ್ನೂ ಒಂದೇ ಎಂದೆಣಿಸುವುದು ಸಾಮಾನ್ಯ ಪ್ರಮಾದ. ಮೊದಲನೆಯದರಲ್ಲಿ ಹೆಸರಿನ ಅಕ್ಷರದೋಷವನ್ನೂ ಶಂಕಿಸಬೇಕು, ಎರಡನೆಯದರಲ್ಲಿ ಪ್ರಥಮತಃ ಕ್ಲಾಸ್‌ಪಾತನ್ನೇ ಪರಿಶೀಲಿಸಬೇಕು. 2006ರ ಜಾವಾ 6ರಿಂದೀಚೆಗೆ ಡ್ರೈವರುಗಳು ತಮ್ಮ ಜಾರ್ ಕಡತದೊಳಗೇ ತಮ್ಮನ್ನು ಘೋಷಿಸಿಕೊಳ್ಳುವುದರಿಂದ ಹೆಸರಿಸುವ ಶ್ರಮವು ತಪ್ಪಿತು. ಜಾರ್ ಕಡತವನ್ನು ಕ್ಲಾಸ್‌ಪಾತಿನಲ್ಲಿಡುವ ಹೊಣೆ ತಪ್ಪಲಿಲ್ಲ.

ಇದಕ್ಕಿಂತ ದುರವಗಾಹವಾದುದು ಕ್ರಮದ ಪ್ರಶ್ನೆ. ಪಟ್ಟಿಯನ್ನು ಎಡದಿಂದ ಬಲಕ್ಕೆ ಶೋಧಿಸುತ್ತ ಹೋಗುವ ಯಂತ್ರವು ಮೊದಲು ಕಂಡ ಕ್ಲಾಸನ್ನೇ ಸ್ವೀಕರಿಸಿ ಉಳಿದವನ್ನು ಮೌನವಾಗಿ ಉಪೇಕ್ಷಿಸುತ್ತದೆ. ಒಂದೇ ಲೈಬ್ರರಿಯ ಹಳೆಯ ಹೊಸ ಆವೃತ್ತಿಗಳೆರಡೂ ಪಟ್ಟಿಯಲ್ಲಿದ್ದು ಹಳೆಯದು ಮುಂದಿದ್ದರೆ, ಹೊಸದರಲ್ಲಿ ಮಾತ್ರ ಇರುವ ಮೆಥಡನ್ನು ಕರೆಯುವ ಕ್ಷಣದವರೆಗೂ ಪ್ರೋಗ್ರಾಮು ಸುಸೂತ್ರವಾಗಿ ನಡೆದು, ಅಲ್ಲಿ ಹಠಾತ್ತನೆ ಕುಸಿಯುತ್ತದೆ. ಫೋಲ್ಡರೊಂದರ ಜಾರ್ ಕಡತಗಳನ್ನೆಲ್ಲ ನಕ್ಷತ್ರಚಿಹ್ನೆಯಿಂದ ಒಟ್ಟಿಗೆ ಸೂಚಿಸುವ ಸೌಕರ್ಯವು ಜಾವಾ 6ರಲ್ಲಿ ಬಂದಿತಾದರೂ, ಅವು ಯಾವ ಕ್ರಮದಲ್ಲಿ ಸೇರುವುವೆಂಬುದು ಅನಿರ್ದಿಷ್ಟ. ಲಿನಕ್ಸಿನಲ್ಲಿ ಆ ಚಿಹ್ನೆಯನ್ನು ಉದ್ಧರಣದೊಳಗಿಡದಿದ್ದರೆ ಶೆಲ್ ತಾನೇ ಅದನ್ನು ವಿಸ್ತರಿಸಿಬಿಡುವುದರಿಂದ, ಎರಡನೆಯ ಜಾರ್ ಕಡತವೇ ಮುಖ್ಯ ಕ್ಲಾಸಿನ ಹೆಸರೆಂದು ಪರಿಗಣಿತವಾಗುತ್ತದೆ.

‘ಜಾರ್’ ಸೂಚಕದಿಂದ ನೇರವಾಗಿ ಜಾರ್ ಕಡತವನ್ನು ನಡೆಸುವವರು ‘ಸಿಪಿ’ಯನ್ನೂ ಜೊತೆಗೆ ಬರೆದರೆ ಅದು ಸಂಪೂರ್ಣ ನಿಷ್ಫಲ, ಆಗ ಬಾಹ್ಯ ಲೈಬ್ರರಿಗಳು ಒಳಗಿನ ಮ್ಯಾನಿಫೆಸ್ಟ್ ಕಡತದಲ್ಲಿಯೇ ಉಲ್ಲೇಖಿತವಾಗಿರತಕ್ಕದ್ದು, ಅದರ ಕೊನೆಯ ಸಾಲು ಹೊಸ ಸಾಲಿನ ಸಂಕೇತದಿಂದ ಮುಗಿಯತಕ್ಕದ್ದು.

2017ರ ಜಾವಾ 9ರಲ್ಲಿ ಬಂದ ಮಾಡ್ಯೂಲ್ ವ್ಯವಸ್ಥೆಯು ಈ ಲೋಪಗಳಿಗೆ ಪರಿಹಾರವನ್ನು ಅರಸಿತು. ಮಾಡ್ಯೂಲು ತನಗೆ ಬೇಕಾದ ಇತರ ಮಾಡ್ಯೂಲುಗಳನ್ನು ಹೆಸರಿಸಿ ಘೋಷಿಸುವುದರಿಂದ, ಅವುಗಳಲ್ಲೊಂದು ಇಲ್ಲದಿದ್ದರೆ ಪ್ರೋಗ್ರಾಮು ಆರಂಭದಲ್ಲಿಯೇ ನಿಲ್ಲುತ್ತದೆ; ನಡುದಾರಿಯಲ್ಲಿ ಕುಸಿಯುವುದಕ್ಕಿಂತ ಇದು ಎಷ್ಟೋ ಶ್ರೇಯಸ್ಕರ. ಆದರೆ ಹೆಸರುಳ್ಳ ಮಾಡ್ಯೂಲು ಕ್ಲಾಸ್‌ಪಾತಿನಲ್ಲಿರುವ ಹಳೆಯ ಲೈಬ್ರರಿಯನ್ನು ತನ್ನ ಘೋಷಣೆಯಲ್ಲಿ ಹೆಸರಿಸಲಾರದು. ಅಂಥ ಲೈಬ್ರರಿಯನ್ನು ಮಾಡ್ಯೂಲುಗಳ ಸ್ಥಾನವನ್ನು ತಿಳಿಸುವ ಪಟ್ಟಿಯಾದ ಮಾಡ್ಯೂಲ್ ಪಾತಿಗೆ ವರ್ಗಾಯಿಸಿದರೆ ಮಾತ್ರ ಅದು ಸ್ವಯಂಚಾಲಿತ ಮಾಡ್ಯೂಲೆನಿಸಿ, ಮ್ಯಾನಿಫೆಸ್ಟಿನಲ್ಲಿ ಬೇರೆ ಹೆಸರನ್ನು ಕೊಡದಿದ್ದರೆ ತನ್ನ ಜಾರ್ ಕಡತದ ಹೆಸರಿನಿಂದಲೇ ನಾಮವನ್ನು ಪಡೆಯುತ್ತದೆ.