ಪರಂಗಿಯ ಹಾಲಿನಿಂದ ಇನ್ಸುಲಿನಿನವರೆಗೆ: ಜೀವಕೋಶದೊಳಗಿನ ಜೊಳ್ಳು-ಗಟ್ಟಿ

ಬೆಂಗಳೂರಿನ ಹೊಸೂರು ರಸ್ತೆಯ ಕೈಗಾರಿಕಾ ಪ್ರದೇಶದ ಚರಿತ್ರೆಯನ್ನು ಸಾಮಾನ್ಯವಾಗಿ ಎಲೆಕ್ಟ್ರಾನಿಕ್ಸ್ ಹಾಗೂ ತಂತ್ರಾಂಶ ಉದ್ಯಮಗಳಿಂದ ಆರಂಭಿಸುವುದು ವಾಡಿಕೆ. ಇದೇ ಸೀಮೆಗೆ ಪರಂಗಿಕಾಯಿಯ ಹಾಲಿನಿಂದ ಹೊರಟ ಇನ್ನೊಂದು ಚರಿತ್ರೆಯೂ ಇದೆ. ಗಟ್ಟಿ ಮಾಂಸ ಬೇಗ ಬೇಯಲೆಂದು ಪರಂಗಿಕಾಯಿಯ ತುಂಡು ಸೇರಿಸುವುದು ಅಡುಗೆಮನೆಯ ಹಳೆಯ ತಿಳಿವಳಿಕೆ. ಅದರ ಹಾಲಿನಲ್ಲಿರುವ ಪಪೈನ್ ಎಂಬ ಕಿಣ್ವ ಪ್ರೋಟೀನನ್ನು ಕತ್ತರಿಸುತ್ತದೆ. 1978ರಲ್ಲಿ ಕಿರಣ್ ಮಜುಂದಾರ್ ಶಾ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಬಯೋಕಾನ್ ಸಂಸ್ಥೆಯ ಮೊದಲ ಸರಕುಗಳಲ್ಲಿ ಪಪೈನ್ ಒಂದು. ಅದೇ ಸಂಸ್ಥೆ 2004ರಲ್ಲಿ, ಪಿಕಿಯಾ ಎಂಬ ಯೀಸ್ಟಿನಲ್ಲಿ ಬೆಳೆಸಿದ ಮಾನವ ಇನ್ಸುಲಿನನ್ನು ‘ಇನ್ಸುಜೆನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಪಪೈನಿಗೆ ಒಳ್ಳೆಯ ಪ್ರೋಟೀನು, ಕೆಟ್ಟ ಪ್ರೋಟೀನು ಎಂಬ ಭೇದವಿಲ್ಲ. ಯೀಸ್ಟಿಗೆ ಅದು ಇದೆ. ಇನ್ಸುಲಿನಿನಲ್ಲಿ 51 ಅಮೈನೋ ಆಮ್ಲಗಳ ಎರಡು ಸರಪಣಿಗಳು, ಮೂರು ಗಂಧಕದ ಕೊಂಡಿಗಳು. ಕೊಂಡಿ ತಪ್ಪಿ ಬಿದ್ದರೆ ಅದು ಕೆಲಸಕ್ಕೆ ಬಾರದು. ಹೊರಗೆ ಸಾಗಬೇಕಾದ ಪ್ರೋಟೀನು ಮೊದಲು ‘ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್’ ಎಂಬ ಒಳಜಾಲವನ್ನು ಹೊಕ್ಕು, ಅಲ್ಲಿ ಮಡಿಕೆಗೊಂಡು, ಪರೀಕ್ಷೆಗೊಳಗಾಗುತ್ತದೆ. ಕನ್ನಡದಲ್ಲಿ ಜೀವಕೋಶಕ್ಕೆ ಜೀವಕಣವೆಂಬ ಹೆಸರೂ ಉಂಟು. ‘ಕಣ’ವೆಂದರೆ ಒಕ್ಕಣೆಯ ಜಾಗವೂ ಹೌದು. ಆನೇಕಲ್ ಸೀಮೆಯ ರಾಗಿಯ ಕಣದಲ್ಲಿ ತೂರುವಾಗ ಜೊಳ್ಳನ್ನು ಹಿಡಿದುಕೊಡುವುದು ಅದರ ಹಗುರತನ. ಜೀವಕಣದಲ್ಲಿ ಗುರುತು ಬೇರೆ: ನೀರಿಗೆ ಒಗ್ಗದ, ಒಳಗಡಗಿರಬೇಕಾದ ಭಾಗ ಹೊರಗೆ ಕಾಣುತ್ತಿದ್ದರೆ ಬಿಪ್ ಎಂಬ ಸಹಾಯಕ ಪ್ರೋಟೀನು ಅದಕ್ಕೆ ಅಂಟಿಕೊಳ್ಳುತ್ತದೆ. ಸರಿಹೋಗಲು ಅವಕಾಶವೂ ಸಿಗುತ್ತದೆ.

ಸರಿಹೋಗದಿದ್ದುದರ ಗತಿಯೇನೆಂಬುದು ಬಹುಕಾಲ ತಪ್ಪಾಗಿ ಊಹಿಸಲ್ಪಟ್ಟಿತ್ತು. ಅದು ಒಳಜಾಲದೊಳಗೇ ನಾಶವಾಗುತ್ತದೆಂದು ಭಾವಿಸಲಾಗಿತ್ತು. 1996ರಲ್ಲಿ ಜರ್ಮನಿಯ ಷ್ಟುಟ್‌ಗಾರ್ಟಿನ ಡೀಟರ್ ವೋಲ್ಫ್ ಅವರ ತಂಡ ಯೀಸ್ಟಿನಲ್ಲಿಯೇ ತೋರಿಸಿದಂತೆ, ಕೆಟ್ಟ ಪ್ರೋಟೀನನ್ನು ಬಂದ ದಾರಿಗೆ ಹಿಂದೆಳೆದು, ಹೊರಗಿನ ಕೋಶದ್ರವದಲ್ಲಿ ಯುಬಿಕ್ವಿಟಿನ್ ಎಂಬ ಚೀಟಿಯಂಟಿಸಿ, ಪ್ರೋಟಿಯಾಸೋಮ್ ಎಂಬ ಪೀಪಾಯಿಯಾಕಾರದ ಯಂತ್ರ ಚೂರುಮಾಡುತ್ತದೆ. ಕತ್ತರಿಸುವ ಮೊದಲು ಗುರುತಿಸುವ ಈ ಕ್ರಮವೇ ಪಪೈನಿನಿಂದ ಅದನ್ನು ಬೇರ್ಪಡಿಸುತ್ತದೆ. ಯುಬಿಕ್ವಿಟಿನಿನ ಮೂಲಕ ಪ್ರೋಟೀನು ನಾಶವಾಗುವ ಬಗೆಯ ಶೋಧಕ್ಕಾಗಿ ಚಿಖಾನೋವರ್, ಹೆರ್ಷ್ಕೋ, ರೋಸ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದದ್ದು 2004ರಲ್ಲಿ, ಇನ್ಸುಜೆನ್ ಬಂದ ವರ್ಷವೇ. ಇದು ಕೇವಲ ಕಾಕತಾಳೀಯ. ಆದರೂ ಉದ್ಯಮದ ದಾಖಲೆಗಳು ಫಲವನ್ನು ಮಾತ್ರ ಸ್ಮರಿಸುತ್ತವೆ, ಫಲಕ್ಕಾಗಿ ಹೊರಚೆಲ್ಲಿದ್ದನ್ನು ಸ್ಮರಿಸುವುದಿಲ್ಲ.

ಈ ವಿಲೇವಾರಿಗೆ ಮಿತಿಯಿದೆ. ಹೊರೆ ಹೆಚ್ಚಿದಾಗ ಒಳಜಾಲವು ಕೋಶಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ಪೀಟರ್ ವಾಲ್ಟರ್ ಮತ್ತು ಕಜುತೋಷಿ ಮೋರಿ ಅವರು 1993ರಲ್ಲಿ ಬೇರೆಬೇರೆಯಾಗಿ ಕಂಡುಹಿಡಿದ ಐಆರ್‌ಇ1 ಆ ಸುದ್ದಿಗಾರ. ತಯಾರಿಕೆ ನಿಧಾನವಾಗಿ, ಸಹಾಯಕ ಪ್ರೋಟೀನುಗಳು ಹೆಚ್ಚುತ್ತವೆ. ಅಷ್ಟಕ್ಕೂ ಹೊರೆ ಇಳಿಯದಿದ್ದರೆ ಕೋಶವೇ ಸಾಯುತ್ತದೆ. ಜಪಾನಿನ ‘ಅಕಿಟಾ’ ಇಲಿಯಲ್ಲಿ ಇನ್ಸುಲಿನ್ ವಂಶವಾಹಿಯ ಒಂದೇ ಅಕ್ಷರ ಕೆಟ್ಟಿದೆ. ಒಂದು ಗಂಧಕದ ಕೊಂಡಿ ಕೂಡುವುದಿಲ್ಲ. ಕೆಟ್ಟ ಪ್ರೋಟೀನು ಒಳಜಾಲದಲ್ಲಿ ತುಂಬಿ, ಮೇದೋಜೀರಕದ ಬೀಟಾ ಕೋಶಗಳು ಸೊರಗುತ್ತವೆ, ಇಲಿಗೆ ಮಧುಮೇಹ ಬರುತ್ತದೆ. ಇಂತಹವೇ ದೋಷಗಳು ಎಳೆಗೂಸುಗಳಲ್ಲಿ ಮಧುಮೇಹಕ್ಕೆ ಕಾರಣವಾಗುವುದು 2007ರಲ್ಲಿ ವರದಿಯಾಯಿತು. ಅಂತಹ ಮಗುವಿನ ಬಾಳು, ತನ್ನದಲ್ಲದ ಇನ್ನಾವುದೋ ಕೋಶದೊಳಗೆ ಸರಿಯಾಗಿ ಮಡಿಕೆಗೊಂಡು ಹೊರಬಂದ ಇನ್ಸುಲಿನನ್ನೇ ಅವಲಂಬಿಸಿರುತ್ತದೆ.