ಕಾನೂನು ವಿದ್ಯಾರ್ಥಿಗಳೇ, ಲೇಖನ ಪ್ರಕಟಿಸಲು ದುಡ್ಡು ಕೊಡಬೇಡಿ: ಜರ್ನಲ್‌ಗೆ ಕಳಿಸುವ ಸರಿಯಾದ ದಾರಿ ಇದು

ಎಲ್‌ಎಲ್‌ಬಿ ಓದುವವರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಬಗೆಯ ಪೋಸ್ಟರ್ ಸದಾ ಓಡಾಡುತ್ತಿರುತ್ತದೆ. ಸಂಶೋಧನಾ ಲೇಖನ ಕಳಿಸಿ, ಮೂರೇ ದಿನದಲ್ಲಿ ಪ್ರಕಟಣೆ, ಐಎಸ್‌ಎಸ್‌ಎನ್ ಇದೆ, ಸರ್ಟಿಫಿಕೇಟ್ ಉಚಿತ! ಕೆಳಗೆ ಸಣ್ಣ ಅಕ್ಷರದಲ್ಲಿ ‘ಪ್ರಕಟಣಾ ಶುಲ್ಕ’. ವಕೀಲಿಯ ನಡುವೆ ಬಿಡುವಾದಾಗ ನಾನು ವಿದ್ಯಾರ್ಥಿಗಳ ಕರಡುಗಳನ್ನು ಓದಿಕೊಡುತ್ತೇನೆ. ಅವರಲ್ಲಿ ಬಹಳ ಮಂದಿ ಕೇಳೋದು ಒಂದೇ ಪ್ರಶ್ನೆ: ‘ಸರ್, ಎಲ್ಲಿಗೆ ಎಷ್ಟು ಕಟ್ಟಬೇಕು?’

ನನ್ನ ಉತ್ತರವೂ ಒಂದೇ. ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಎಲ್ಲಿಗೆ ಕಳಿಸಬೇಕು?

ವಿಜ್ಞಾನದ ಕೆಲವು ಒಳ್ಳೆಯ ಜರ್ನಲ್‌ಗಳು ಲೇಖಕರಿಂದ ಶುಲ್ಕ ಪಡೆಯುವುದುಂಟು. ಕಾನೂನಿನ ಪ್ರತಿಷ್ಠಿತ ವಿದ್ಯಾರ್ಥಿ ಜರ್ನಲ್‌ಗಳಲ್ಲಿ ಆ ಪದ್ಧತಿ ಇಲ್ಲ. ಇವುಗಳ ಸಂಪಾದಕರು ವಿದ್ಯಾರ್ಥಿಗಳೇ. 1887ರಲ್ಲಿ ಶುರುವಾದ ‘ಹಾರ್ವರ್ಡ್ ಲಾ ರಿವ್ಯೂ’ವನ್ನು ಇಂದಿಗೂ ನಡೆಸುತ್ತಿರುವುದು ವಿದ್ಯಾರ್ಥಿಗಳು. ಅದೇ ಮಾದರಿ ನಮ್ಮಲ್ಲೂ ಇದೆ. ಬೆಂಗಳೂರಿನ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್‌ನಿಂದ ‘ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ರಿವ್ಯೂ’, ‘ಸೋಷಿಯೋ-ಲೀಗಲ್ ರಿವ್ಯೂ’, ‘ಇಂಡಿಯನ್ ಜರ್ನಲ್ ಆಫ್ ಲಾ ಅಂಡ್ ಟೆಕ್ನಾಲಜಿ’ ಬರುತ್ತವೆ. ಕೋಲ್ಕತ್ತದಿಂದ ‘ಎನ್‌ಯುಜೆಎಸ್ ಲಾ ರಿವ್ಯೂ’ ಬರುತ್ತದೆ. ಹೊರಗಿನ ಕಾಲೇಜಿನವರೂ ಇವಕ್ಕೆ ಬರೆಯಬಹುದು.

ಐಎಸ್‌ಎಸ್‌ಎನ್ ಅನ್ನೋದು ನಿಯತಕಾಲಿಕೆಯನ್ನು ಗುರುತಿಸುವ ಎಂಟು ಅಂಕಿಯ ಸಂಖ್ಯೆ, ಅಷ್ಟೇ. ವಾಹನದ ನಂಬರ್ ಪ್ಲೇಟ್ ನೋಡಿ ಎಂಜಿನ್ ಹೇಗಿದೆ ಅಂತ ಹೇಳಲಾಗದ ಹಾಗೆ, ಈ ಸಂಖ್ಯೆ ನೋಡಿ ಜರ್ನಲ್‌ನ ಗುಣಮಟ್ಟ ಹೇಳಲಾಗದು. ‘ಯುಜಿಸಿ ಕೇರ್ ಪಟ್ಟಿಯಲ್ಲಿದ್ದೇವೆ’ ಅಂತ ಈಗಲೂ ಯಾರಾದರೂ ಜಾಹೀರಾತು ಹಾಕಿದರೆ ಅನುಮಾನಪಡಿ. ಯುಜಿಸಿ ಆ ಪಟ್ಟಿಯನ್ನು 2025ರ ಫೆಬ್ರವರಿಯಲ್ಲೇ ಕೈಬಿಟ್ಟಿದೆ. ಈಗ ಪರಿಶೀಲಿಸುವ ಹೊಣೆ ನಿಮ್ಮದೇ. ಸಂಪಾದಕರು ಯಾರು ಅಂತ ಹೆಸರು ಹಾಕಿದ್ದಾರಾ? ಲೇಖನವನ್ನು ವಿಷಯ ತಿಳಿದವರು ಓದುತ್ತಾರಾ? ಹಳೆಯ ಸಂಚಿಕೆಗಳು ಸಿಗುತ್ತವಾ? ಅವುಗಳಿಂದ ಎರಡು ಲೇಖನ ಪೂರ್ತಿ ಓದಿ ನೋಡಿ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ವಿಷಯ ಅಲ್ಲ, ಪ್ರಶ್ನೆ ಬೇಕು

‘ಭಾರತದಲ್ಲಿ ಮಹಿಳಾ ಹಕ್ಕುಗಳು’ ಅನ್ನೋದು ವಿಷಯ. ಅದರ ಮೇಲೆ ಬರೆದ ಸಾವಿರಾರು ಪುಟ ಈಗಾಗಲೇ ಇವೆ. ಜರ್ನಲ್‌ಗೆ ಬೇಕಾಗಿರೋದು ಇನ್ನೂ ಉತ್ತರ ಗಟ್ಟಿಯಾಗದ ಒಂದು ಪ್ರಶ್ನೆ.

ನಮ್ಮದೇ ರಾಜ್ಯದ ಉದಾಹರಣೆ ಕೊಡುತ್ತೇನೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ನಿಯಮ ಮೀರಿ ಪರಭಾರೆಯಾದರೆ ಅದನ್ನು ಮರಳಿ ಕೊಡಿಸಲು 1978ರ ಪಿಟಿಸಿಎಲ್ ಕಾಯ್ದೆ ಇದೆ. ಅರ್ಜಿ ಹೋಗೋದು ಉಪವಿಭಾಗಾಧಿಕಾರಿಗೆ, ಮೇಲ್ಮನವಿ ಜಿಲ್ಲಾಧಿಕಾರಿಗೆ. ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ, ಇಂಥ ಅರ್ಜಿಯನ್ನು ಸಮಂಜಸ ಅವಧಿಯೊಳಗೆ ಹಾಕಬೇಕು ಎಂದಿತು. 2023ರಲ್ಲಿ ವಿಧಾನಮಂಡಲ ಕಾಯ್ದೆ ತಿದ್ದಿ, ಕಾಲಮಿತಿ ಇಲ್ಲ ಎಂದಿತು. ಬಾಕಿ ಇರುವ ಪ್ರಕರಣಗಳಿಗೂ ಇದು ಅನ್ವಯ ಎಂದಿತು. ಹಾಗಾದರೆ ಅದಕ್ಕೂ ಮುಂಚೆ, ತಡವಾಯ್ತು ಅನ್ನೋ ಒಂದೇ ಕಾರಣಕ್ಕೆ ವಜಾ ಆಗಿ ಮುಗಿದುಹೋದ ಅರ್ಜಿಗಳ ಗತಿಯೇನು? ಇದು ಪ್ರಶ್ನೆ. ತಿದ್ದುಪಡಿಯ ನಂತರದ ಹೈಕೋರ್ಟ್ ತೀರ್ಪುಗಳನ್ನು ಓದಿ, ನಿಮ್ಮ ಉಪವಿಭಾಗದ ಆದೇಶಗಳನ್ನು ಪಕ್ಕದಲ್ಲಿಟ್ಟುಕೊಂಡರೆ ದಿಲ್ಲಿಯಲ್ಲಿ ಕೂತವರು ಬರೆಯಲಾಗದ ಲೇಖನ ನಿಮ್ಮಿಂದ ಆಗುತ್ತದೆ.

ಒಂದು ಎಚ್ಚರ: ಇಂಟರ್ನ್‌ಶಿಪ್‌ನಲ್ಲಿ ಕೈಗೆ ಬಂದ ಕಕ್ಷಿದಾರರ ಫೈಲಿನಿಂದ ಏನನ್ನೂ ಎತ್ತಬೇಡಿ. ಸಾರ್ವಜನಿಕವಾಗಿ ಸಿಗುವ ಆದೇಶಗಳು ಸಾಕು.

ಮೊದಲ ಸಲಕ್ಕೆ ತೀರ್ಪು ವಿಮರ್ಶೆ

ಹತ್ತು ಸಾವಿರ ಪದದ ದೊಡ್ಡ ಲೇಖನಕ್ಕೆ ಮೊದಲೇ ಕೈ ಹಾಕಬೇಕಿಲ್ಲ. ಒಂದೇ ತೀರ್ಪನ್ನು ಹಿಡಿದು ಬರೆಯುವ ‘ಕೇಸ್ ಕಾಮೆಂಟ್’ಗೆ ಬಹುತೇಕ ಜರ್ನಲ್‌ಗಳಲ್ಲಿ ಜಾಗವಿದೆ. ಸಂಗತಿಗಳನ್ನು ಒಂದು ಪುಟದಲ್ಲಿ ಮುಗಿಸಿ. ಕೋರ್ಟ್ ಏನು ಹೇಳಿತು, ಯಾಕೆ ಹೇಳಿತು, ಆ ತರ್ಕ ಎಲ್ಲಿ ಎಡವುತ್ತದೆ, ಮುಂದೆ ಇದರಿಂದ ಯಾರಿಗೆ ಏನಾಗುತ್ತದೆ? ಈ ಕೊನೆಯ ಎರಡು ಭಾಗವೇ ನಿಮ್ಮದು. ಉಳಿದದ್ದು ವರದಿ.

ಕನ್ನಡದಲ್ಲಿ ಯೋಚಿಸುವವರಿಗೆ ಇನ್ನೊಂದು ಮಾತು. ಈ ಜರ್ನಲ್‌ಗಳು ಇಂಗ್ಲಿಷಿನವು, ನಿಜ. ಆದರೆ ಮೊದಲ ಕರಡನ್ನು ಕನ್ನಡದಲ್ಲೇ ಬರೆಯಿರಿ. ವಾದ ಗಟ್ಟಿಯಾದ ಮೇಲೆ ಸರಳ ಇಂಗ್ಲಿಷ್ ಸಾಕು. ಸಂಪಾದಕರು ವ್ಯಾಕರಣ ತಿದ್ದಬಲ್ಲರು. ಇಲ್ಲದ ವಾದವನ್ನು ಅವರು ತುಂಬಿಕೊಡಲಾರರು.

ಕಳಿಸುವ ಮುನ್ನ

ಅಡಿಟಿಪ್ಪಣಿಯ ಶೈಲಿ ಜರ್ನಲ್‌ನಿಂದ ಜರ್ನಲ್‌ಗೆ ಬೇರೆ. ಕೆಲವರು ಬ್ಲೂಬುಕ್ ಕೇಳುತ್ತಾರೆ, ಕೆಲವರು ಆಕ್ಸ್‌ಫರ್ಡ್‌ನ ಓಸ್ಕೋಲಾ. ಕೇಶವಾನಂದ ಭಾರತಿ ಪ್ರಕರಣ ‘ಎಐಆರ್ 1973 ಎಸ್‌ಸಿ 1461’ ಅಂತಲೂ ಸಿಗುತ್ತದೆ, ‘(1973) 4 ಎಸ್‌ಸಿಸಿ 225’ ಅಂತಲೂ ಸಿಗುತ್ತದೆ. ಯಾವುದನ್ನು ಕೇಳಿದ್ದಾರೋ ಅದನ್ನೇ ಕೊನೆಯವರೆಗೆ ಬಳಸಿ. ಎಸ್‌ಸಿಸಿ ಚಂದಾ ಇಲ್ಲದ ಕಾಲೇಜಿನವರು ಚಿಂತೆ ಮಾಡಬೇಕಿಲ್ಲ. 2023ರಿಂದ ಸುಪ್ರೀಂ ಕೋರ್ಟ್‌ನ ಇ-ಎಸ್‌ಸಿಆರ್‌ನಲ್ಲಿ ತೀರ್ಪುಗಳು ಪುಕ್ಕಟೆ ಸಿಗುತ್ತವೆ.

ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಮೂಲ ತೆರೆದು ನೋಡದೆ ಹಾಕಬೇಡಿ. ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಉಲ್ಲೇಖಿಸಿದ ನ್ಯೂಯಾರ್ಕ್ ವಕೀಲರಿಗೆ 2023ರಲ್ಲಿ 5,000 ಡಾಲರ್ ದಂಡ ಬಿತ್ತು. ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮಗಳಿವೆ. ಅವು ಶೇ 10ರವರೆಗಿನ ಹೋಲಿಕೆಗೆ ದಂಡನೆ ಹೇಳುವುದಿಲ್ಲ. ಹಾಗಂತ ಅದು ಕದಿಯಲು ಕೊಟ್ಟ ಪರವಾನಗಿ ಅಲ್ಲ.

ಸಾರಾಂಶ 150ರಿಂದ 250 ಪದ ಸಾಕು. ಓದುಗರಿಗೆ ಲೇಖಕರ ಗುರುತು ತಿಳಿಯಬಾರದೆಂಬ ನಿಯಮವಿದ್ದರೆ ಹೆಸರು, ಕಾಲೇಜು ತೆಗೆಯಿರಿ. ವರ್ಡ್ ಫೈಲಿನ ವಿವರಗಳಲ್ಲೂ ನಿಮ್ಮ ಹೆಸರು ಉಳಿದಿರುತ್ತದೆ, ಅದನ್ನೂ ಅಳಿಸಿ. ಬರೆಯದ ಮೇಷ್ಟ್ರ ಹೆಸರನ್ನು ಸಹಲೇಖಕರೆಂದು ಸೇರಿಸಬೇಡಿ. ಸಲಹೆ ಕೊಟ್ಟವರಿಗೆ ಅಡಿಟಿಪ್ಪಣಿಯಲ್ಲಿ ಕೃತಜ್ಞತೆ ಹೇಳುವುದೇ ಮರ್ಯಾದೆ.

ಕಳಿಸಿದ ಮೇಲೆ

ಒಂದೇ ಲೇಖನವನ್ನು ಏಕಕಾಲಕ್ಕೆ ಹಲವು ಕಡೆ ಕಳಿಸಬಹುದೇ ಅನ್ನೋದನ್ನು ಆಯಾ ಜರ್ನಲ್‌ನ ನಿಯಮದಲ್ಲಿ ನೋಡಿ. ಉತ್ತರಕ್ಕೆ ತಿಂಗಳುಗಳು ಹಿಡಿಯಬಹುದು. ಕಾಯಿರಿ, ನಡುವೆ ಒಮ್ಮೆ ವಿನಯದಿಂದ ವಿಚಾರಿಸಿದರೆ ತಪ್ಪಿಲ್ಲ. ತಿದ್ದಿ ಕಳಿಸಿ ಅಂದರೆ ಪ್ರತಿ ಟೀಕೆಗೂ ಏನು ಮಾಡಿದಿರಿ, ಯಾವುದನ್ನು ಯಾಕೆ ಒಪ್ಪಲಿಲ್ಲ ಅಂತ ಬೇರೆ ಹಾಳೆಯಲ್ಲಿ ಬರೆಯಿರಿ. ತಿರಸ್ಕರಿಸಿದರೆ ಟಿಪ್ಪಣಿಗಳನ್ನು ಬಳಸಿ ತಿದ್ದಿ, ಮುಂದಿನ ಜರ್ನಲ್‌ಗೆ ಕಳಿಸಿ. ಒಪ್ಪಿಕೊಂಡರೆ ಸಹಿ ಹಾಕುವ ಮುನ್ನ ಹಕ್ಕುಸ್ವಾಮ್ಯದ ಒಪ್ಪಂದ ಓದಿ. ಕಾನೂನು ಓದಿದವರೇ ಓದದೆ ಸಹಿ ಹಾಕಿದರೆ ಹೇಗೆ?

ಮೂರು ದಿನದ ಸರ್ಟಿಫಿಕೇಟ್ ಬಯೋಡೇಟಾದಲ್ಲಿ ಒಂದು ಸಾಲು ಹೆಚ್ಚಿಸೀತು. ಆದರೆ ಅಂಥಲ್ಲಿ ಬಂದ ಬರಹವನ್ನು ಯಾವ ವಕೀಲರೂ ಕೋರ್ಟಿನಲ್ಲಿ ಎತ್ತಿ ಓದುವುದಿಲ್ಲ, ಯಾವ ನ್ಯಾಯಾಧೀಶರೂ ಉಲ್ಲೇಖಿಸುವುದಿಲ್ಲ. ಜಮೀನು ಕಳೆದುಕೊಂಡು ಉಪವಿಭಾಗಾಧಿಕಾರಿ ಕಚೇರಿಯ ವರಾಂಡದಲ್ಲಿ ಕಾಯುವವರ ಪ್ರಶ್ನೆಯನ್ನು ಒಳ್ಳೆಯ ಜರ್ನಲ್‌ಗೆ ಮುಟ್ಟಿಸಬಲ್ಲವರು ನೀವು. ಆ ಕೆಲಸಕ್ಕೆ ಬೇಕಿರೋದು ನಿಮ್ಮ ಆರು ತಿಂಗಳು. ದುಡ್ಡಲ್ಲ.