ದುಡ್ಡು ಕೂಡಿಸಿ ಕಟ್ಟಿದ ದಾರಿಗೆ ಚೀಟಿ

ಲೋನ್ ಪೈನ್ ಊರಿನವರು ತಾವೇ ದುಡ್ಡು ಕೂಡಿಸಿ ವಿಟ್ನಿ ಬೆಟ್ಟದ ನೆತ್ತಿಯವರೆಗೆ ದಾರಿ ಮಾಡಿಸಿದ್ದು 1904ರಲ್ಲಿ. ಮುಂದೆ ನಿಂತು ಕೆಲಸ ಮಾಡಿಸಿದವನು ಗುಸ್ತಾವ್ ಮಾರ್ಶ್. ಜುಲೈ 22ಕ್ಕೆ ಕೆಲಸ ಮುಗಿಯಿತು. ಅದಾದ ನಾಲ್ಕನೆಯ ದಿನ, ಆ ಹೊಸ ದಾರಿ ಹಿಡಿದು ಹತ್ತಿದ ಮೀನುಗಾರಿಕೆ ಇಲಾಖೆಯ ನೌಕರ ಬರ್ಡ್ ಸರ್ಬಿ ಬೆಟ್ಟದ ತುದಿಯಲ್ಲಿ ಬುತ್ತಿ ಬಿಚ್ಚಿ ಕೂತಿದ್ದಾಗ ಸಿಡಿಲು ಬಡಿದು ಸತ್ತ. ಜನ ಬರಲೆಂದು ಮಾಡಿಸಿದ ದಾರಿ. ಬಂದವರನ್ನು ಕಾಯುವುದು ಹೇಗೆಂಬ ಚಿಂತೆ ವಾರ ತುಂಬುವ ಮೊದಲೇ ಹತ್ತಿಕೊಂಡಿತು. ಈಗ ಅದೇ ದಾರಿಯಲ್ಲಿ ಕಾಲಿಡಬೇಕಾದರೆ ಫೆಬ್ರವರಿಯಲ್ಲಿ ಲಾಟರಿಗೆ ಹೆಸರು ಹಾಕಿ ಕಾಯಬೇಕು.

ಸ್ಯಾನ್ ಹೊಸೆಯ ನಮ್ಮ ಮನೆಯಲ್ಲಿ ಈ ಕೆಲಸ ಭಾವನದು. ಸಂಕ್ರಾಂತಿಯ ಎಳ್ಳುಬೆಲ್ಲದ ಡಬ್ಬಿ ಖಾಲಿಯಾಗುವ ಹೊತ್ತಿಗೆ ಅವರು ಲ್ಯಾಪ್‌ಟಾಪ್ ತೆಗೆದುಕೊಂಡು ಊಟದ ಮೇಜಿಗೆ ಬರುತ್ತಾರೆ. ನನ್ನ ಪಾಲಿಗೆ ಬಂದಿರುವುದು ಬೆಟ್ಟದ ಹಳೆಯ ಕಥೆಗಳನ್ನು ಓದಿ ಎಲ್ಲರ ತಲೆ ತಿನ್ನುವುದು. ಅಕ್ಕನಿಗೆ ಇಬ್ಬರ ಮೇಲೂ ಸಿಟ್ಟು.

ವಿಟ್ನಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಸಾಲಿನಲ್ಲಿದೆ. ಎತ್ತರ 14,505 ಅಡಿ. ಅಲಾಸ್ಕಾ ಒಂದನ್ನು ಬಿಟ್ಟರೆ ಅಮೆರಿಕದಲ್ಲಿ ಇದಕ್ಕಿಂತ ಎತ್ತರದ ಬೆಟ್ಟವಿಲ್ಲ. ಹಗ್ಗ, ಕೊಕ್ಕೆ ಏನೂ ಬೇಡ, ಬೇಸಿಗೆಯಲ್ಲಿ ನಡೆದುಕೊಂಡೇ ತುದಿ ಮುಟ್ಟಬಹುದು. ಹೋಗಿಬರಲು 22 ಮೈಲಿ, ಏರು ಆರು ಸಾವಿರ ಅಡಿಗೂ ಹೆಚ್ಚು. ಎಲ್ಲಕ್ಕಿಂತ ಎತ್ತರದ್ದು, ಆದರೂ ನಡೆದು ಹತ್ತಬಹುದಾದದ್ದು ಎಂದರೆ ಜನ ಬಿಟ್ಟಾರೆಯೇ?

ಮೊದಲು ಬಂದವರಿಗೆ ಬೆಟ್ಟ ಯಾವುದೆಂದೇ ತಿಳಿದಿರಲಿಲ್ಲ. 1864ರಲ್ಲಿ ರಾಜ್ಯದ ಭೂಸರ್ವೇಕ್ಷಣೆಯ ತಂಡದವರು ದೂರದಿಂದ ಈ ಶಿಖರವನ್ನು ಕಂಡು, ತಮ್ಮ ಮುಖ್ಯಸ್ಥ ಜೊಸಾಯಾ ವಿಟ್ನಿಯ ಹೆಸರಿಟ್ಟರು. ತಂಡದ ಹುಡುಗ ಕ್ಲಾರೆನ್ಸ್ ಕಿಂಗ್ ಆ ವರ್ಷ ಹತ್ತಲು ಹೋಗಿ ಸೋತು ಬಂದ. 1871ರಲ್ಲಿ ಪಟ್ಟು ಹಿಡಿದು ಮತ್ತೆ ಹೋದ, ಮೋಡ ಕವಿದ ದಿನ ಒಂದು ತುದಿ ಮುಟ್ಟಿದ, ಗೆದ್ದೆನೆಂದು ಇಳಿದ. ಮರುವರ್ಷ ಬಂದ ಅವನ ಪುಸ್ತಕದಲ್ಲಿ ಆ ಸಾಹಸದ ವರ್ಣನೆಯೂ ಅಚ್ಚಾಯಿತು. ಅವನು ಹತ್ತಿದ್ದು ದಕ್ಷಿಣಕ್ಕೆ ಕೆಲವು ಮೈಲಿ ದೂರದ, ಈಗ ಲ್ಯಾಂಗ್ಲಿ ಎನ್ನುವ ಬೇರೆ ಬೆಟ್ಟವನ್ನು! 1873ರ ಬೇಸಿಗೆಯಲ್ಲಿ ಗುಡ್‌ಇಯರ್ ಎಂಬ ಭೂವಿಜ್ಞಾನಿ ಇದನ್ನು ಬಯಲು ಮಾಡಿದ. ಕಿಂಗ್ ಬಿದ್ದೆನೋ ಎದ್ದೆನೋ ಎಂದು ಓಡಿಬಂದು ಸೆಪ್ಟೆಂಬರ್ 19ರಂದು ನಿಜವಾದ ತುದಿಗೇರಿದ. ಅಷ್ಟರಲ್ಲಿ ಮೂವರು ಹೋಗಿಬಂದಾಗಿತ್ತು. ಬೀಗೋಲ್, ಜಾನ್ಸನ್, ಲ್ಯೂಕಸ್ ಎಂಬ ಲೋನ್ ಪೈನಿನ ಆಸಾಮಿಗಳು ಕಣಿವೆಯ ಬಿಸಿಲು ತಾಳದೆ ಮೀನು ಹಿಡಿಯುತ್ತ ಮೇಲೆ ಬಿಡಾರ ಹೂಡಿದ್ದರು. ಆಗಸ್ಟ್ 18ರಂದು ನೆತ್ತಿಗೆ ಹತ್ತಿ, ತಾವು ಹಿಡಿಯುತ್ತಿದ್ದ ಮೀನಿನ ನೆನಪಿಗೆ ‘ಮೀನುಗಾರರ ಶಿಖರ’ ಎಂದು ಕರೆದರು. ಕಣಿವೆಯವರಿಗೆ ಆ ಹೆಸರೇ ಬೇಕಿತ್ತು. ನಕ್ಷೆಯಲ್ಲಿ ಉಳಿದದ್ದು ಸಾಹೇಬರ ಹೆಸರು. ಇವರೆಲ್ಲರಿಗಿಂತ ಬಹಳ ಮುಂಚಿನಿಂದ ಆ ಕಣಿವೆಯಲ್ಲಿದ್ದ ಪಾಯೂಟ್ ಜನ ಬೆಟ್ಟವನ್ನು ತುಮಾಂಗುಯಾ ಎನ್ನುತ್ತಿದ್ದರು. ಅವರನ್ನು ಯಾರೂ ಕೇಳಲಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ಜಾನ್ ಮ್ಯೂರ್ ಪೂರ್ವದ ಕಡಿದಾದ ಕೊರಕಲಿನಲ್ಲಿ ಹತ್ತಿದ. ಅದು ಈಗಲೂ ಗಟ್ಟಿಗರ ದಾರಿ. 1878ರಲ್ಲಿ ಪೋರ್ಟರ್‌ವಿಲ್ ಕಡೆಯಿಂದ ಬಂದ ತಂಡದಲ್ಲಿ ನಾಲ್ವರು ಹೆಂಗಸರು ತುದಿ ಮುಟ್ಟಿದರು. ಅವರಲ್ಲೊಬ್ಬಳಾದ ಆ್ಯನಾ ಮಿಲ್ಸ್ ತನ್ನ ಅನುಭವವನ್ನು ಬಹಳ ವರ್ಷಗಳ ಮೇಲೆ ಬರೆದಿಟ್ಟಿದ್ದಾಳೆ. ಉದ್ದ ಲಂಗ ತೊಟ್ಟು ಆ ಬಂಡೆರಾಶಿಯ ಮೇಲೆ ಕಾಲು ಹೇಗೆ ಊರಿದರೋ ಎಂದು ಅಕ್ಕ ಕೇಳುತ್ತಾಳೆ. ಈ ಕಥೆಗಳಲ್ಲಿ ಅವಳು ಕಿವಿಗೊಡುವುದು ಇದೊಂದಕ್ಕೇ.

ನನಗೆ ಇಷ್ಟವಾದ ಭಾಗ ಬೇರೆ. 1881ರಲ್ಲಿ ಪಿಟ್ಸ್‌ಬರ್ಗಿನ ಅಲೆಗೆನಿ ವೀಕ್ಷಣಾಲಯದಿಂದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಸೂರ್ಯನ ಶಾಖ ಅಳೆಯಲು ಇಲ್ಲಿಗೆ ಬಂದ. ಕೆಳಗಿನ ಲೋನ್ ಪೈನಿನಲ್ಲೊಂದು, ಮೇಲಿನ ಬಿಡಾರದಲ್ಲೊಂದು ಅಳತೆ ತೆಗೆದರೆ, ನಡುವಿನ ಗಾಳಿ ಎಷ್ಟು ಬಿಸಿಲು ನುಂಗುತ್ತದೆಂದು ತಿಳಿಯುತ್ತದೆ ಎಂಬುದು ಅವನ ಲೆಕ್ಕ. ಗಾಜಿನ ಮುಚ್ಚಳದ ತಾಮ್ರದ ಪೆಟ್ಟಿಗೆಯನ್ನು ಬಿಸಿಲಿಗಿಟ್ಟು ನೋಡಿದ. ಸುತ್ತ ಕೊರೆಯುವ ಚಳಿ; ಪೆಟ್ಟಿಗೆಯೊಳಗೆ ನೀರಿನ ಕುದಿಬಿಂದುವನ್ನೂ ಮೀರಿದ ಕಾವು. ಸೌದೆಯಿಲ್ಲದೆ, ಹಿಮದ ಮಗ್ಗುಲಲ್ಲೇ ಅನ್ನ ಬೇಯಿಸಬಹುದಿತ್ತು. ಅವನು ಕೊಟ್ಟ ಸೌರಶಾಖದ ಅಂಕಿ ನಿಜಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚಿತ್ತೆಂದು ಆಮೇಲೆ ತಿಳಿಯಿತು. ಅದನ್ನು ತಿದ್ದಿದವನು ಅವನ ಶಿಷ್ಯನಂತಿದ್ದ ಚಾರ್ಲ್ಸ್ ಆ್ಯಬಟ್, ಇದೇ ಬೆಟ್ಟದ ನೆತ್ತಿಯಲ್ಲಿ ಕೂತು. ಲ್ಯಾಂಗ್ಲಿ ಬಂದುಹೋದ ಮೇಲೆ, 1883ರಲ್ಲಿ, ವಿಜ್ಞಾನದ ಕೆಲಸಕ್ಕೆಂದು ಬೆಟ್ಟವನ್ನು ಮಿಲಿಟರಿ ಮೀಸಲು ಪ್ರದೇಶವಾಗಿ ಘೋಷಿಸಿದರು. ಈ ಬೆಟ್ಟದ ಸುತ್ತ ಸರಕಾರ ಎಳೆದ ಮೊದಲ ಗೆರೆ ಅದು.

ಸರ್ಬಿಯ ಸಾವಾದ ಮೇಲೆ ಮಾರ್ಶ್ ಸುಮ್ಮನೆ ಕೂರಲಿಲ್ಲ. ಸ್ಮಿತ್‌ಸೋನಿಯನ್ ಸಂಸ್ಥೆಯ ನೆರವು ಸಿಕ್ಕಿತು. ಹೇಸರಗತ್ತೆಗಳ ಮೇಲೆ ಸಾಮಾನು ಹೊರಿಸಿ, ಅಲ್ಲಿನದೇ ಕಲ್ಲಿನಲ್ಲಿ ಗೋಡೆ ಎಬ್ಬಿಸಿ, ಮೇಲೆ ತಗಡು ಹೊದಿಸಿ 1909ರಲ್ಲಿ ನೆತ್ತಿಯ ಮೇಲೊಂದು ಆಸರೆಯ ಮನೆ ಮುಗಿಸಿದ. ಅದೇ ವರ್ಷ ಲಿಕ್ ವೀಕ್ಷಣಾಲಯದ ಕ್ಯಾಂಪ್‌ಬೆಲ್ ಮಂಗಳ ಗ್ರಹದಲ್ಲಿ ನೀರಿನ ಆವಿ ಇದೆಯೇ ನೋಡಲು ತನ್ನ ಉಪಕರಣಗಳನ್ನು ಅಲ್ಲಿಗೆ ಹೊರಿಸಿದ. ಮಂಗಳದಲ್ಲಿ ಕಾಲುವೆ ತೋಡಿದವರಿದ್ದಾರೆಂದು ದೊಡ್ಡವರೇ ನಂಬಿದ್ದ ಕಾಲ. ಅಲ್ಲಿ ಅಳೆಯುವಷ್ಟು ಆವಿ ಕಾಣಲಿಲ್ಲವೆಂದು ಹೇಳಿ ಇಳಿದ. ಲಿಕ್ ಇರುವುದು ನಮ್ಮೂರ ಪೂರ್ವದ ಹ್ಯಾಮಿಲ್ಟನ್ ಬೆಟ್ಟದ ಮೇಲೆ. ಮಕ್ಕಳನ್ನು ಶಾಲೆಗೆ ಬಿಡುವಾಗ ಅದರ ಬಿಳಿ ಗೋಪುರಗಳು ಕಾಣುತ್ತಿದ್ದವು. ಅಲ್ಲಿಂದ ವಿಟ್ನಿಯ ನೆತ್ತಿಗೆ ಆ ಗಾಜು, ಪಟ್ಟಕಗಳು ಹೋದ ಬಗೆಯನ್ನು ನೆನೆದರೆ ನಮ್ಮ ಬೆನ್ನಚೀಲ ಹಗುರವೆನಿಸುತ್ತದೆ.

ಮಾರ್ಶನ ಕಲ್ಲುಮನೆ ಈಗಲೂ ಇದೆ. ಆದರೆ ಗುಡುಗು ಕೇಳಿದರೆ ಒಳಗೆ ಓಡಿಹೋಗುವವರು ಮೋಸ ಹೋಗುತ್ತಾರೆ. 1990ರ ಜುಲೈಯಲ್ಲಿ ಹಾಗೆ ಆಸರೆ ಪಡೆದವರಿಗೇ ಸಿಡಿಲು ಹೊಡೆದು ಒಬ್ಬ ಸತ್ತ. ಸಿಡಿಲಿಗೆ ಹೆದರಿ ಕಟ್ಟಿದ ಮನೆಗೆ ಸಿಡಿಲಿನಿಂದ ಕಾಯುವ ಶಕ್ತಿ ಇರಲಿಲ್ಲ. ಈಗ ಬಾಗಿಲ ಬಳಿ, ಮಿಂಚು ಬಂದರೆ ಇಲ್ಲಿ ನಿಲ್ಲಬೇಡಿ ಎಂಬ ಎಚ್ಚರಿಕೆ ಇದೆ.

ಮುಂದೆ ಲೋನ್ ಪೈನಿಗೆ ಯಾತ್ರಿಕರು ಏಕೆ ಇನ್ನಷ್ಟು ಬೇಕಾದರು ಎಂಬುದಕ್ಕೆ ಕಣಿವೆಯ ನೀರಿನ ಕಥೆ ನೋಡಬೇಕು. 1913ರಲ್ಲಿ ಲಾಸ್ ಏಂಜಲೀಸ್ ನಗರ ಕಾಲುವೆ ತೋಡಿ ಓವೆನ್ಸ್ ನದಿಯ ನೀರನ್ನು ಎಳೆದುಕೊಂಡು ಹೋಯಿತು. ಹೊಲ ಒಣಗಿದವು. ಉಳಿದದ್ದು ಬೆಟ್ಟ ಮತ್ತು ಸಿನಿಮಾ. ಊರ ಪಕ್ಕದ ಅಲಬಾಮಾ ಗುಡ್ಡಗಳಲ್ಲಿ ಕೌಬಾಯ್ ಚಿತ್ರಗಳು ಸಾಲುಸಾಲಾಗಿ ತಯಾರಾದವು. 1939ರ ‘ಗಂಗಾ ದೀನ್’ ಚಿತ್ರಕ್ಕೆ ಆ ಬಂಡೆಗಳೇ ನಮ್ಮ ವಾಯವ್ಯ ಗಡಿಪ್ರಾಂತ್ಯವಾಗಿ ವೇಷ ಹಾಕಿದವು. 1930ರ ದಶಕದಲ್ಲೇ ನಿರುದ್ಯೋಗಿ ಯುವಕರ ಸರಕಾರಿ ಪಡೆ ಕೆಲಸ ಮಾಡಿ, ಬೆಟ್ಟದ ಬುಡದ ವಿಟ್ನಿ ಪೋರ್ಟಲ್‌ವರೆಗೆ ಕಾರು ಹೋಗುವ ರಸ್ತೆಯಾಯಿತು. ಕಾರು 8,300 ಅಡಿಗೂ ಮೇಲೆ ತಂದು ಇಳಿಸಿದರೆ ಇನ್ನು ಜನಕ್ಕೆ ಬರಗಾಲವೆಲ್ಲಿ?

ಬಂದರು. ಬಂದವರು ಉಂಡರು, ಉಂಡವರು ಇನ್ನೊಂದನ್ನೂ ಮಾಡಲೇಬೇಕಲ್ಲ. 12,000 ಅಡಿಯ ಬಿಡಾರದಲ್ಲಿ ಮಣ್ಣೇ ಇಲ್ಲ, ಬರೀ ಬಂಡೆ, ಹೂತದ್ದು ಕೊಳೆಯುವುದಿಲ್ಲ. ಶೌಚಾಲಯ ಕಟ್ಟಿದರು. ತುಂಬಿದ ಡ್ರಮ್ಮುಗಳನ್ನು ಹೆಲಿಕಾಪ್ಟರಿನಲ್ಲಿ ಇಳಿಸಬೇಕಾಯಿತು. ಸಾಕಾಗಿ 2007ರ ಹೊತ್ತಿಗೆ ಕಿತ್ತುಹಾಕಿದರು. ಈಗ ಪರ್ಮಿಟ್ ಜೊತೆಗೊಂದು ಚೀಲ ಕೊಡುತ್ತಾರೆ. ಒಳಗೆ ಪುಡಿ ಇರುತ್ತದೆ. ಒದ್ದೆಯಾದ ಕೂಡಲೇ ಗಟ್ಟಿಯಾಗಿ, ವಾಸನೆ ಹಿಡಿದಿಡುತ್ತದೆ. ಗಂಟು ಕಟ್ಟಿ, ಹೊರ ಚೀಲಕ್ಕೆ ಹಾಕಿ, ಬೆನ್ನಿಗೇರಿಸಿ ಕೆಳಗಿನವರೆಗೆ ಹೊತ್ತು ತರಬೇಕು. ಮಡಿಯ ಮನೆಯಲ್ಲಿ ಬೆಳೆದ ಭಾವ ಅದನ್ನು ಬೆರಳ ತುದಿಯಲ್ಲಿ ಹಿಡಿದ ಬಗೆ ನೋಡಿ ಅಕ್ಕ ನಕ್ಕಿದ್ದು ಇನ್ನೂ ನಿಂತಿಲ್ಲ.

ಮಿತಿಯೂ ಬಂದದ್ದು ಹೀಗೆಯೇ. ಮೊದಲು ರಾತ್ರಿ ತಂಗುವವರಿಗೆ, ಆಮೇಲೆ ಒಂದೇ ದಿನದಲ್ಲಿ ಹತ್ತಿಳಿಯುವವರಿಗೂ ಲೆಕ್ಕ ಕಟ್ಟಿದರು. ಈಗ ಮೇ ಮೊದಲ ದಿನದಿಂದ ನವೆಂಬರ್ ಆರಂಭದವರೆಗೆ ದಿನಕ್ಕೆ ಹಗಲಿನವರು 100, ತಂಗುವವರು 60. ಅರ್ಜಿಗೆ 6 ಡಾಲರ್, ಸಿಕ್ಕರೆ ತಲೆಗೆ 15. ಹಗಲಿನ ಪರ್ಮಿಟ್ ನಡುರಾತ್ರಿಯಿಂದ ನಡುರಾತ್ರಿಯವರೆಗೆ ನಡೆಯುತ್ತದೆ. ಎರಡು, ಮೂರು ಗಂಟೆಗೆ ತಲೆಗೆ ದೀಪ ಕಟ್ಟಿಕೊಂಡು ಹೊರಡುವವರೇ ಹೆಚ್ಚು. ಇದನ್ನೆಲ್ಲ ಅತಿಯಾಯಿತು ಎನ್ನುವವರಿದ್ದಾರೆ. ನಾನು ಎನ್ನುವುದಿಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ನಮ್ಮ ಕುಮಾರಪರ್ವತದ ಬುಡದಲ್ಲಿ ಜಮಾಯಿಸಿದ ಜನಸಾಗರದ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. ಆಮೇಲೆ ಅಲ್ಲಿಯೂ ಆನ್‌ಲೈನ್ ಬುಕಿಂಗ್ ಇಲ್ಲದೆ ಚಾರಣ ಇಲ್ಲವೆಂದು ಅರಣ್ಯ ಸಚಿವರು ಹೇಳಬೇಕಾಯಿತು. ಚೀಟಿ ಎತ್ತುವಲ್ಲಿ ಬಡವ ಬಲ್ಲಿದ ಇಲ್ಲ, ಶಿಫಾರಸು ನಡೆಯುವುದಿಲ್ಲ. ಊರಲ್ಲಿ ಯಾವ ಸಾಲಿಗಾದರೂ ನಿಂತು ಬಂದವರಿಗೆ ಇದರ ಬೆಲೆ ಗೊತ್ತು.

ಯಾವ ತಾರೀಖು ಹಾಕಬೇಕೆಂಬುದೇ ದೊಡ್ಡ ಜಗಳ. ಮೇ ತಿಂಗಳಲ್ಲಿ ಹೆಸರು ಹಾಕುವವರು ಕಡಿಮೆ, ಆದರೆ ತೊಂಬತ್ತೊಂಬತ್ತು ತಿರುವುಗಳೆಂದು ಹೆಸರಾದ ಏರಿನ ಮೇಲೆ ಹಿಮ ಕೂತಿರುತ್ತದೆ. ಹಿಮಗೊಡಲಿ ಹಿಡಿದು ಅಭ್ಯಾಸವಿದ್ದವರಿಗೆ ಮಾತ್ರ. ನಮ್ಮೂರಿಂದ ಹತ್ತಿರದ ಟಿಯೋಗಾ ಕಣಿವೆ ರಸ್ತೆಯೂ ಆಗ ಮುಚ್ಚಿರುವುದು ಹೆಚ್ಚು, ಬೇಕರ್ಸ್‌ಫೀಲ್ಡ್ ಸುತ್ತಿ ಹೋಗಬೇಕು. ಜುಲೈ, ಆಗಸ್ಟಿನಲ್ಲಿ ಮಧ್ಯಾಹ್ನದ ಮಳೆ ಮಿಂಚು. ಸೆಪ್ಟೆಂಬರಿನ ವಾರದ ನಡುವಿನ ದಿನವೇ ಲೇಸು ಎಂದು ನಾನು. ಗಣೇಶನ ಹಬ್ಬಕ್ಕೆ ತಾಗುತ್ತದೆ ಎಂದು ಅಕ್ಕ. ಪರ್ಮಿಟ್ ಇನ್ನೊಬ್ಬರಿಗೆ ಕೊಡುವಂತಿಲ್ಲ. ಅರ್ಜಿ ಹಾಕಿದವರು, ಇಲ್ಲವೇ ಅರ್ಜಿಯಲ್ಲೇ ಬದಲಿ ಮುಖಂಡರೆಂದು ಬರೆಸಿದವರು ಅಂದು ಇರಲೇಬೇಕು.

“ಭಾವ, ಬದಲಿಗೆ ಯಾರ ಹೆಸರು ಹಾಕ್ತೀರಿ?” ಎಂದೆ.

“ನಿಂದೇ ಹಾಕಿದೀನಿ ಕಣಮ್ಮ. ನನ್ನ ಮಂಡಿ ಹೇಳೋಕಾಗಲ್ಲ. ಆದರೆ ಒಂದು ಕರಾರು: ಲ್ಯಾಂಗ್ಲಿ ಕಥೆ ತಿರುವು ಮುಗಿಯೋವರೆಗೂ ಎತ್ತಬಾರದು.”

ಫಲಿತಾಂಶ ಮಾರ್ಚ್ ಮಧ್ಯದಲ್ಲಿ. ಅಕ್ಕ ಈಗಲೇ ಹಬ್ಬದ ತಾರೀಖನ್ನು ಪಂಚಾಂಗದಲ್ಲಿ ಇನ್ನೊಮ್ಮೆ ನೋಡಿದ್ದಾಳೆ.